ಇಪ್ಪತ್ತು ಎಂದರೆ ನಿಲ್ಲಿಸು

ಟಿಂಗ್ ಎಂದು ಗಂಟೆ ಹೊಡೆಯಿತು.

“ಸಂಖ್ಯೆ ಹೇಳಿ ಮೇಡಂ.”

“ಹನ್ನೊಂದು.”

“ಹೋದ ನಿಮಿಷ ಏಳು ಅಂದಿದ್ರಿ.”

“ಹೋದ ನಿಮಿಷ ಹೊಟ್ಟೆ ತನ್ನ ಜಾಗದಲ್ಲೇ ಇತ್ತು. ಈಗ ಗಂಟಲಿಗೆ ಬಂದಿದೆ. ಬರ್ಕೊಳ್ಳಿ.”

ಕಣ್ಣ ಮುಂದೆ ಉದ್ದನೆಯ ನೇರ ರಸ್ತೆ. ಎರಡು ಬದಿಗೂ ಮರಗಳು, ದೂರದಲ್ಲೊಂದು ಬಿಳಿ ಕಂಬ. ಇದೆಲ್ಲ ತಲೆಗೆ ಬಿಗಿದ ಹೆಡ್‌ಸೆಟ್ಟಿನ ಒಳಗಿನ ಲೋಕ. ಕಾಲು ಮಾತ್ರ ನಿಜವಾಗಿಯೇ ನಡೆಯುತ್ತಿತ್ತು. ಕಂಬದ ಮೇಲೆ ಕಣ್ಣಿಟ್ಟು ನೇರ ನಡೆಯಿರಿ ಎಂದಿದ್ದರು, ನಡೆಯುತ್ತಿದ್ದೆ.

ಹಣೆಯ ಮೇಲೆ ತಣ್ಣನೆಯ ಬೆವರು, ಬಾಯಲ್ಲಿ ಉಪ್ಪು ನೀರು. ಜೀಪಿನಲ್ಲಿ ಎರಡು ತಿರುವು ದಾಟಿದರೆ ಕಿಟಕಿಯಾಚೆ ತಲೆ ಹಾಕುವ ಹೆಂಗಸು ನಾನು. ಠಾಣೆಯಲ್ಲಿ ನನ್ನ ಬೆನ್ನ ಹಿಂದೆ ‘ಕವರ್ ಮೇಡಂ’ ಎನ್ನುತ್ತಾರೆ, ಪ್ಲಾಸ್ಟಿಕ್ ಕವರ್ ಇಲ್ಲದೆ ಎಲ್ಲಿಗೂ ಹೊರಡುವುದಿಲ್ಲವೆಂದು. ಅಂಥವಳನ್ನು ಈ ಪರೀಕ್ಷೆಗೆ ನಿಲ್ಲಿಸಿದ್ದು ಬೇರಾರೂ ಅಲ್ಲ, ನಾನೇ.

ಮತ್ತೆ ಟಿಂಗ್.

“ಇಪ್ಪತ್ತು! ಇಪ್ಪತ್ತು ಕಣ್ರೀ, ತೆಗೀರಿ ಇದನ್ನ!”

ಹೆಡ್‌ಸೆಟ್ ಸರಕ್ಕನೆ ಮೇಲೆದ್ದಿತು. ಮರ, ರಸ್ತೆ, ಕಂಬ ಎಲ್ಲ ಹೋದವು. ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ ಕಬ್ಬಿಣದ ಬಾಗಿಲೊಂದು ನಿಂತಿತ್ತು. ನಡೆಯಲು ಶುರು ಮಾಡಿದಾಗ ಆ ಬಾಗಿಲು ನನ್ನ ಬೆನ್ನ ಹಿಂದಿತ್ತು.

ಇದು ಹಿಂದೊಮ್ಮೆ ಗೋದಾಮಾಗಿದ್ದ ಕಟ್ಟಡದ ಮೂರನೇ ಮಹಡಿ. ಹಗ್ಗ ಕಟ್ಟಿ ಮೂಟೆಗಳನ್ನು ಎಳೆದುಕೊಳ್ಳುತ್ತಿದ್ದ ಬಾಗಿಲು ಅದು. ಆಚೆ ಮೆಟ್ಟಿಲಿಲ್ಲ, ಕಟಾಂಜನವಿಲ್ಲ, ಕೆಳಗೆ ಕಲ್ಲು ಹಾಸಿದ ಅಂಗಳ. ಹೋದ ವಾರ ಬೆಳಿಗ್ಗೆ ಈ ಬಾಗಿಲಿನಿಂದ ಬಿದ್ದೇ ಇಲ್ಲಿ ಯಂತ್ರ ಪರೀಕ್ಷಿಸುತ್ತಿದ್ದ ‘ತಕ್ಕಡಿ’ ಎಂಬ ಹುಡುಗಿ ಸತ್ತಳು, ತಲೆಗೆ ಹೆಡ್‌ಸೆಟ್ ಹಾಕಿಕೊಂಡಂತೆಯೇ. ಚಿಲಕ ಹಾಕಲು ಮರೆತನೆಂದು ಇಲ್ಲಿನ ಕಾವಲುಗಾರ ನನ್ನ ಲಾಕಪ್ಪಿನಲ್ಲಿ ಕೂತಿದ್ದಾನೆ. ನಾಳೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು.

ನಾನು ಕವರಿನೊಳಗೆ ಮುಖವಿಟ್ಟೆ. ನನ್ನ ಕೆಲಸ ಮುಗಿಯುವವರೆಗೂ ಗಡ್ಡದ ಇಂಜಿನಿಯರ್ ಸಭ್ಯನಂತೆ ಗೋಡೆ ನೋಡುತ್ತ ನಿಂತಿದ್ದ. ಈ ಯಂತ್ರವನ್ನೂ ಇದರೊಳಗಿನ ರಸ್ತೆಯನ್ನೂ ಮಾಡಿದವನು ಅವನು. ಆಮೇಲೆ ನೀರು ಕೊಟ್ಟ.

“ನಾನು ನೇರ ನಡೆದೆ,” ಎಂದೆ.

“ಹಾಗನಿಸುತ್ತೆ ಮೇಡಂ. ನೀವು ಒಂದೊಂದು ಹೆಜ್ಜೆ ಇಟ್ಟಾಗ್ಲೂ ಆ ಲೋಕಾನ ನಾವು ಒಂಚೂರು ತಿರುಗಿಸ್ತೀವಿ. ಅದಕ್ಕೆ ತಕ್ಕ ಹಾಗೆ ನೀವು ಗೊತ್ತಿಲ್ದೇ ತಿರುಗ್ತೀರಿ. ಹಾಲ್ ಒಳಗೇ ಸುತ್ತು ಹೊಡೀತಿರ್ತೀರಿ, ಆದ್ರೆ ನಿಮ್ಮ ಲೆಕ್ಕದಲ್ಲಿ ಮೈಲಿಗಟ್ಟಲೆ ದಾರಿ. ಕಾಲು ಬಿದ್ದೋಗಿ ಮತ್ತೆ ನಡೆಯೋದು ಕಲೀತಿರೋ ರೋಗಿಗಳಿಗೆ ಇದು. ಮುಂದಿನ ವಾರ ಈ ಯಂತ್ರ ಆಸ್ಪತ್ರೆಗೆ ಹೋಗ್ಬೇಕಿತ್ತು.”

“ನನ್ನ ಹೊಟ್ಟೆ ಏನು ಪಾಪ ಮಾಡಿತ್ತು?”

“ಕಣ್ಣು ನೇರ ಹೋಗ್ತಿದೀನಿ ಅನ್ನುತ್ತೆ. ಕಿವಿಯೊಳಗಿನ ಸಮತೋಲದ ಅಂಗ ಇಲ್ಲ, ತಿರುಗ್ತಿದೀನಿ ಅನ್ನುತ್ತೆ. ಇಬ್ರಿಗೂ ಜಗಳ.”

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂದುಕೊಂಡೆ. ಆ ಜಗಳ ಬಿಡಿಸುವುದೇ ಇವನ ಉದ್ಯೋಗ. ನೋಟದ ಅಂಚುಗಳನ್ನು ಕುದುರೆಯ ಕಣ್ಣುಪಟ್ಟಿಯ ಹಾಗೆ ಕಪ್ಪಾಗಿಸಿದ್ದ. ನಡೆಯುವವರ ಮುಖಕ್ಕೆ ಗಾಳಿ ಬೀಸಲು ಫ್ಯಾನ್ ಇಟ್ಟಿದ್ದ. ಕಣ್ಣಿಗೆ ಏನಾದರೊಂದು ಅಲುಗಾಡದೆ ಕಾಣುತ್ತಿರಬೇಕೆಂದು ಚಿತ್ರದ ನಡುವೆ ಒಂದು ಮೂಗನ್ನೂ ಬರೆದಿದ್ದ. ಆ ಮೂಗು ನನ್ನ ಮೂಗಿಗಿಂತ ಚೆನ್ನಾಗಿಯೇ ಇತ್ತು.

ಇಷ್ಟೆಲ್ಲ ಮಾಡಿದ ಮೇಲೆ ಹೊಟ್ಟೆ ಏನನ್ನುತ್ತದೆ ಎಂದು ಹೇಳಲು ಒಬ್ಬರು ಬೇಕು. ಅದೇ ತಕ್ಕಡಿಯ ಕೆಲಸ. ಲೋಕ ಕೂದಲೆಳೆಯಷ್ಟು ವಾಲಿದರೂ ಅವಳಿಗೆ ತಿಳಿಯುತ್ತಿತ್ತಂತೆ, ಅದಕ್ಕೇ ಆ ಹೆಸರು. ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ, ಮೈಕು ಮೂರು ಕ್ಷಣ ತೆರೆದುಕೊಳ್ಳುತ್ತದೆ, ಸಂಕಟ ಎಷ್ಟಿದೆಯೆಂದು ಹೇಳಬೇಕು. ಏನೂ ಇಲ್ಲದಿದ್ದರೆ ಸೊನ್ನೆ. ಇಪ್ಪತ್ತು ಎಂದರೆ ನಿಲ್ಲಿಸು. ಇಪ್ಪತ್ತು ಎಂದ ಮೇಲೂ ನಿಲ್ಲಿಸದವನಿಗೆ ಈ ಕಟ್ಟಡದಲ್ಲಿ ಕೆಲಸವಿಲ್ಲ ಎಂದು ಗಡ್ಡ ಹೆಮ್ಮೆಯಿಂದ ಹೇಳಿದ.

“ಅವತ್ತಿನದು ಕೇಳಿಸಿ,” ಎಂದೆ.

ಅವನು ಟೇಬಲ್ಲಿನ ಮೇಲಿದ್ದ ಯಂತ್ರದ ಗುಂಡಿ ಒತ್ತಿದ.

ಟಿಂಗ್. “ಸೊನ್ನೆ.” ಟಿಂಗ್. “ಸೊನ್ನೆ.” ಹುಡುಗಿಯ ತೆಳುವಾದ, ಸ್ವಲ್ಪ ಮೂಗಿನಿಂದ ಬರುವ ದನಿ. ಸೊನ್ನೆಯ ಮೇಲೆ ಸೊನ್ನೆ. ಆಮೇಲೆ ಬರೀ ಗಂಟೆ, ಉತ್ತರವಿಲ್ಲ. ಮತ್ತೆ ಗಂಟೆ, ಉತ್ತರವಿಲ್ಲ. ಹಾಗೆ ಬಹಳ ಹೊತ್ತು. ಕೊನೆಗೆ ಒಂದು ಟಿಂಗ್, ಅದರ ಬೆನ್ನಿಗೇ ಗಂಟಲು ಹರಿಯುವಂಥ ಕೂಗು.

“ಇಪ್ಪತ್ತು!”

ಅದಾದ ಮೇಲೆ ಏನೂ ಇಲ್ಲ. ನಾನು ಅದನ್ನು ಕೇಳುತ್ತಿರುವುದು ಇದು ನಾಲ್ಕನೆಯ ಸಲ.

“ಕಾಲು ಜಾರಿದಾಗ ಕೂಗಿರ್ಬೇಕು,” ಎಂದ ಗಡ್ಡ. “ಆದ್ರೆ ಅದಕ್ಕೆ ಮುಂಚೆ ನೋಡಿ ಮೇಡಂ, ಎಲ್ಲ ಸೊನ್ನೆ. ತಕ್ಕಡಿ ಬಾಯಲ್ಲಿ ಸೊನ್ನೆ! ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ.”

ಹೆಣದ ಪಕ್ಕ ನಿಂತು ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರನ್ನು ನಾನು ಮೊದಲೂ ನೋಡಿದ್ದೇನೆ. ಅಷ್ಟಕ್ಕೇ ಅವರು ಕೊಲೆಗಾರರಾಗುವುದಿಲ್ಲ. ಆದರೂ ಕಪಾಳಕ್ಕೆ ಬಿಗಿಯಬೇಕೆನಿಸಿತು.

“ಅವಳು ಒಬ್ಬಳೇ ಇದ್ದಳು ಅಂದ್ರಿ ನೀವು.”

“ಹೌದು. ನಾನು ಬರೋ ಮೊದ್ಲೇ ಬಂದು ಶುರು ಮಾಡಿದಾಳೆ. ಯಾವತ್ತೂ ಹಾಗೆ ಮಾಡ್ದೋಳಲ್ಲ.”

“ಒಬ್ಬಳೇ ಇದ್ದಿದ್ರೆ, ಇಪ್ಪತ್ತು ಅಂತ ಯಾರಿಗೆ ಕೂಗಿದ್ಲು?”

ಗಡ್ಡ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದ. “ಅಭ್ಯಾಸ ಮೇಡಂ. ಇಲ್ಲಿ ಕೆಲಸ ಮಾಡೋರು ಮನೇಲೂ ಸಾಕು ಅನ್ನೋಕೆ ಇಪ್ಪತ್ತು ಅಂತಾರೆ.”

ಇರಬಹುದು. ನನ್ನ ತಲೆ ಆಗಲೇ ಬೇರೆ ಕಡೆ ಹೋಗಿತ್ತು. ಹೆಡ್‌ಸೆಟ್ ಹಾಕುವ ಮೊದಲೇ ಗಡ್ಡ ನನ್ನ ಶುರುವಿನ ಸಂಖ್ಯೆ ಕೇಳಿದ್ದ. ಜೀಪಿನಿಂದ ಇಳಿದು ಬಂದವಳು ನಾಲ್ಕು ಎಂದಿದ್ದೆ. ಯಾರಿಗಾದರೂ ಸೊನ್ನೆಯಿಂದಲೇ ಶುರುವಾಗುತ್ತದೆ ಎಂದುಕೊಳ್ಳುವವರು, ಜನ್ಮದಲ್ಲಿ ಒಮ್ಮೆಯೂ ಹೊಟ್ಟೆ ತೊಳಸದವರು.

“ಅವಳ ಹಳೇ ಪರೀಕ್ಷೆಗಳನ್ನ ಹಾಕಿ. ಬರೀ ಮೊದಲನೇ ಸಂಖ್ಯೆ ಕೇಳಿಸಿ ಸಾಕು.”

ಮೂರು. ನಾಲ್ಕು. ಮೂರು. ಐದು. ದಿನಗಳು ಉರುಳುತ್ತ ಹೋದವು, ಒಂದು ದಿನವೂ ಸೊನ್ನೆಯಿಲ್ಲ.

“ಬಸ್ಸಲ್ಲಿ ಬರ್ತಿದ್ಲಲ್ಲ,” ಎಂದ ಗಡ್ಡ, ತಾನೇ ತನಗೆ ಹೇಳಿಕೊಳ್ಳುವಂತೆ.

ಹೌದು, ಬಸ್ಸು. ಕಾವಲುಗಾರ ಲಾಕಪ್ಪಿನ ಸರಳು ಹಿಡಿದುಕೊಂಡು ಹೇಳಿದ್ದ: “ದಿನಾ ಬಸ್ಸಿಳಿದು ಬಂದು ನನ್ನ ಕುರ್ಚಿ ಮೇಲೆ ಕೂತು ಸುಧಾರಿಸ್ಕೊಂಡೇ ಮೇಲೆ ಹೋಗೋದು ಮೇಡಂ ಆ ಮಗು. ಅವತ್ತೂ ನೀರು ಕೊಟ್ಟೆ. ಚಿಲಕ ಹಾಕಿದ್ನೋ ಇಲ್ವೋ, ವಯಸ್ಸಾಯ್ತು, ಮರೆತಿದ್ರೂ ಮರೆತಿರಬಹುದು.” ಹೆಣ ಮೊದಲು ನೋಡಿದವನೂ ಅವನೇ, ಕೂಗಿ ಜನ ಸೇರಿಸಿದವನೂ ಅವನೇ. ಹೇಳುವಾಗ ಕೈ ನಡುಗುತ್ತಿತ್ತು. ಅವನ ಹೆಂಡತಿ ಠಾಣೆಯ ಬೆಂಚಿನ ಮೇಲೆ ನಿನ್ನೆಯಿಂದ ಕೂತಿದ್ದಾಳೆ. ಎದ್ದು ಹೋಗು ಎಂದರೆ ಹೋಗುವುದಿಲ್ಲ, ಅಳುವುದೂ ಇಲ್ಲ. ಅವಳನ್ನು ದಾಟಿ ಒಳಗೆ ಹೋಗುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ನಾನು ಚೀಲದಿಂದ ಒಡೆದ ಹೆಡ್‌ಸೆಟ್ಟನ್ನು ತೆಗೆದು ಟೇಬಲ್ಲಿನ ಮೇಲಿಟ್ಟೆ. ನಡೆದ ಜಾಡನ್ನು ಉಳಿಸಿಕೊಳ್ಳುವ ಬಿಲ್ಲೆ ಅದರೊಳಗೇ ಪುಡಿಯಾಗಿತ್ತು. ಠಾಣೆಯ ಸೀಲು ಬಿದ್ದಿದ್ದರಿಂದ ಗಡ್ಡ ಅದನ್ನು ಹತ್ತಿರದಿಂದ ನೋಡಿರಲಿಲ್ಲ.

“ಇದರಲ್ಲಿ ನಿಮ್ಮ ಕಣ್ಣಿಗೆ ಏನಾದ್ರೂ ಕಾಣುತ್ತಾ?”

ಅವನು ತಿರುಗಿಸಿ ನೋಡಿದ. ಕೆಳಗಡೆ ಉಗುರಿನಷ್ಟು ಚಿಕ್ಕದೊಂದು ಚಕ್ರವಿತ್ತು, ಅದರ ಸುತ್ತ ಸಣ್ಣ ಗೀಟುಗಳು. ಬಿದ್ದ ಪೆಟ್ಟಿಗೆ ಚಕ್ರ ಸಿಕ್ಕಿಕೊಂಡು ಒಂದು ಗೀಟಿನ ಮೇಲೆ ಗಟ್ಟಿಯಾಗಿ ನಿಂತಿತ್ತು. ಗಡ್ಡದ ನಡುವೆ ಅವನ ಮುಖ ಬಿಳಿಚಿಕೊಂಡಿತು.

“ಇದು ಅವಳ ಅಳತೆ ಅಲ್ಲ.”

“ಬಿಡಿಸಿ ಹೇಳಿ.”

“ಎರಡು ಕಣ್ಣಿನ ನಡುವೆ ಅಂತರ ಒಬ್ಬೊಬ್ರಿಗೆ ಒಂದೊಂದು ಥರ ಇರುತ್ತೆ. ಒಳಗಿನ ಗಾಜುಗಳನ್ನ ಅದಕ್ಕೆ ಸರಿಯಾಗಿ ಹೊಂದಿಸ್ಬೇಕು. ಹೊಂದಿಸ್ದಿದ್ರೆ ಚಿತ್ರ ಎರಡಾಗಿ ಕಾಣುತ್ತೆ, ತಲೆ ಸಿಡಿಯುತ್ತೆ. ತಕ್ಕಡಿದು ಹತ್ತಿರದ ಕಣ್ಣು. ಇದು ತುಂಬ ಅಗಲ ಇರೋರದ್ದು. ಇಷ್ಟು ಅಗಲ ಇಟ್ಕೊಂಡು ಅವಳು ಹತ್ತು ಹೆಜ್ಜೆ ನಡೀತಿರಲಿಲ್ಲ, ಅಲ್ಲೇ ಕಕ್ಕೋಳು.”

“ಆದ್ರೂ ಸೊನ್ನೆ ಅಂದಿದಾಳೆ.”

“ಹಾಗಾದ್ರೆ ಆ ಸೊನ್ನೆ...” ಗಡ್ಡ ಕುರ್ಚಿಯ ಮೇಲೆ ಕುಸಿದ. “ಆ ಸೊನ್ನೆ ಅವಳದ್ದೇ ಅಲ್ವಾ?”

ಅವನ ಕಣ್ಣಲ್ಲಿ ನೀರು ಬಂತು. ತಕ್ಕಡಿ ಸತ್ತ ದಿನ ಬಾರದಿದ್ದ ನೀರು ಇವತ್ತು ಸೊನ್ನೆ ಸತ್ತದ್ದಕ್ಕೆ ಬಂತು. ಅವನು ನಾಟಕವಾಡುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಅಷ್ಟಕ್ಕೆ ವಿಷಯ ಸ್ಪಷ್ಟವಾಯಿತು. ಅವತ್ತು ಈ ಹೆಡ್‌ಸೆಟ್ ಹಾಕಿಕೊಂಡು ನಡೆದವರು ಬೇರೆ ಯಾರೋ. ತಕ್ಕಡಿ ಇದನ್ನು ಹಾಕಿಕೊಂಡು ಬೀಳಲಿಲ್ಲ. ಬಿದ್ದ ಮೇಲೆ ಇದನ್ನು ಕಲ್ಲಿಗೆ ಬಡಿದು ಒಡೆದು ಅವಳ ತಲೆಗೆ ಹಾಕಲಾಗಿದೆ. ಹಾಕಿದವರಿಗೆ ಈ ಉಗುರಿನಷ್ಟು ಚಕ್ರದ ಗುಟ್ಟು ಗೊತ್ತಿರಲಿಲ್ಲ. ಗಡ್ಡನೇ ಹಾಕಿದ್ದರೆ ಚಕ್ರವನ್ನು ಮೊದಲು ಸರಿಮಾಡುತ್ತಿದ್ದ.

ಮರೆವಿನಿಂದ ತೆರೆದಿದ್ದ ಬಾಗಿಲಲ್ಲ ಅದು. ಯಾರೋ ಬೇಕೆಂದೇ ತೆರೆದದ್ದು.

ಅಲ್ಲೇ ನಿಂತು ಠಾಣೆಗೆ ಫೋನ್ ಮಾಡಿದೆ. “ಕಾವಲಿನೋನ್ನ ಬಿಟ್ಟು ಕಳಿಸು.”

“ಮೇಡಂ, ನಾಳೆವರೆಗೂ ಇರ್ಲಿ ಅಂತ...” ನನ್ನ ಕೈಕೆಳಗಿನವನು ರಾಗ ಎಳೆದ.

“ಬಿಡು ಅಂದ್ರೆ ಬಿಡು. ಮಾಡದ ತಪ್ಪಿಗೆ ಒಬ್ಬ ಮುದುಕ ಒಳಗೆ ಕೂರೋದು ಬೇಡ. ಆ ಹೆಂಗಸಿಗೂ ಹೇಳು, ಗಂಡನ್ನ ಕರ್ಕೊಂಡು ಮನೆಗೆ ಹೋಗ್ಲಿ.”

ಫೋನ್ ಇಟ್ಟಾಗ ಬೆಳಗಿನಿಂದ ಮೊದಲ ಬಾರಿಗೆ ನನ್ನ ಹೊಟ್ಟೆ ತಣ್ಣಗಿತ್ತು. ಗಡ್ಡನಿಂದ ಒಂದು ಸರಿಯಾದ ಹೆಡ್‌ಸೆಟ್ ಕೇಳಿ ತೆಗೆದುಕೊಂಡು ಕೆಳಗಿಳಿದೆ.

*

ಜೀಪಿನಲ್ಲಿ ಸಾರಥಿ ಕಾಯುತ್ತಿದ್ದ. ಚಾಲಕನಿಗೆ ನಾನಿಟ್ಟ ಹೆಸರು ಅದು.

“ಎಲ್ಲಿಗೆ ಮೇಡಂ?”

“ತಕ್ಕಡಿ ತಂಗಿ ಹತ್ರ. ನಿಧಾನಕ್ಕೆ ಹೋಗು.”

“ನಿಧಾನಕ್ಕೆ ಹೋದ್ರೆ ಒಂದು ಕವರ್, ಜೋರಾಗಿ ಹೋದ್ರೆ ಎರಡು.” ಗೇರ್ ಹಾಕಿದ. “ಎಷ್ಟು ಸಲ ಹೇಳ್ಲಿ, ನೀವೇ ಓಡಿಸೋದು ಕಲೀರಿ. ಸ್ಟೀರಿಂಗ್ ಹಿಡ್ದೋರಿಗೆ ಯಾವತ್ತೂ ವಾಂತಿ ಬರಲ್ಲ. ಬರೋದೆಲ್ಲ ಪಕ್ಕದಲ್ಲಿ ಕೂತೋರಿಗೆ.”

ನಾನು ಕಿಟಕಿಯಾಚೆ ಮುಖ ಹಾಕಿದೆ. ದನಿ ತಕ್ಕಡಿಯದೇ ಎಂದು ಗಡ್ಡ ಆಣೆ ಮಾಡಿ ಹೇಳುತ್ತಾನೆ. ಕಣ್ಣು ಅವಳದಲ್ಲ, ಹೊಟ್ಟೆ ಅವಳದಲ್ಲ, ದನಿ ಮಾತ್ರ ಅವಳದು. ಹಾಗೆ ಯಾರಿರಲು ಸಾಧ್ಯ ಎಂಬುದು ಗೋದಾಮಿನ ಮೆಟ್ಟಿಲಿಳಿಯುವಾಗಲೇ ಹೊಳೆದಿತ್ತು. ಮೂರನೆಯ ತಿರುವಿನಲ್ಲಿ ಜೀಪು ನಿಲ್ಲಿಸಬೇಕಾಯಿತು. ಹಾಗೆ ನಿಂತು ನಿಂತು, ಹತ್ತಿರದ ದಾರಿಗೆ ಬೇಕಾದದ್ದಕ್ಕಿಂತ ದುಪ್ಪಟ್ಟು ಹೊತ್ತು ಹಿಡಿಯಿತು.

ತಂಗಿ ಕೆಲಸ ಮಾಡುವುದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಕೊಠಡಿಗಳ ಹಾಸಿಗೆ ಬಟ್ಟೆಗಳೆಲ್ಲ ಒಗೆದು ಇಸ್ತ್ರಿಯಾಗುವ ಜಾಗ. ಮೆಟ್ಟಿಲಿಳಿಯುತ್ತಿದ್ದಂತೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಒಗೆಯುವ ಯಂತ್ರಗಳ ಗುಡುಗಿಗೆ, ಹತ್ತಿರ ಹೋಗದೆ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಹಗ್ಗದ ಮೇಲೆ ಸಾಲಾಗಿ ಬಿಳಿ ದುಪ್ಪಟಿಗಳು ಇಳಿಬಿದ್ದಿದ್ದವು.

“ಯಾರು?” ಎಂದಿತು ಒಂದು ದುಪ್ಪಟಿಯ ಹಿಂದಿನಿಂದ.

ನನ್ನ ಪಕ್ಕದಲ್ಲಿದ್ದ ಸಾರಥಿ ಗಕ್ಕನೆ ನಿಂತ. ಅವನೂ ಆ ಟೇಪು ಕೇಳಿದ್ದವನೇ. ತೆಳುವಾದ, ಸ್ವಲ್ಪ ಮೂಗಿನಿಂದ ಬರುವ ದನಿ. ಸತ್ತವಳೇ ಬಟ್ಟೆಯ ಹಿಂದೆ ನಿಂತು ಕೇಳಿದಂತಿತ್ತು.

ದುಪ್ಪಟಿ ಸರಿಸಿಕೊಂಡು ಬಂದವಳ ಮುಖ ಮಾತ್ರ ಬೇರೆಯೇ. ಅಗಲ ಹಣೆ, ಅಗಲಕ್ಕೆ ಹರಡಿದ ಕಣ್ಣು. ಅಕ್ಕ ಅಮ್ಮನ ಹಾಗೆ, ತಂಗಿ ಅಪ್ಪನ ಹಾಗೆ ಎಂದು ನೆರೆಯವರು ಹೇಳಿದ್ದರು. ದನಿಯ ಬಗ್ಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಳುವವಳನ್ನು ಮಾತಾಡಿಸಬಾರದೆಂದು ಹೆಣ ಸಿಕ್ಕ ದಿನ ಅವರ ಮನೆಯಿಂದ ಸುಮ್ಮನೆ ಬಂದಿದ್ದೆ.

ಸಾರಥಿಯನ್ನು ಜೀಪಿಗೆ ಕಳಿಸಿದೆ. ಗಡ್ಡ ಕೊಟ್ಟ ಹೆಡ್‌ಸೆಟ್ಟನ್ನು ಇಸ್ತ್ರಿ ಟೇಬಲ್ಲಿನ ಮೇಲಿಟ್ಟೆ.

“ಇದನ್ನ ಒಂದ್ಸಲ ಕಣ್ಣಿಗೆ ಹಿಡ್ಕೋಮ್ಮಾ. ಚಿತ್ರ ಎರಡೆರಡಾಗಿ ಕಾಣುತ್ತೆ. ಒಂದಾಗೋ ಹಾಗೆ ಮಾಡು.”

“ಯಾಕೆ ಮೇಡಂ?”

“ನಿನ್ನ ಅಕ್ಕನಿಗೋಸ್ಕರ.”

ಅವಳು ತೆಗೆದುಕೊಂಡು ಕಣ್ಣಿಗೆ ಹಿಡಿದಳು. ಹೆಬ್ಬೆರಳು ಸೀದಾ ಕೆಳಗಿನ ಚಕ್ರಕ್ಕೆ ಹೋಯಿತು. ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ ನಿಲ್ಲಿಸಿದಳು.

“ಈಗ ಸರಿಯಾಯ್ತು.”

ನಾನು ಒಡೆದ ಹೆಡ್‌ಸೆಟ್ಟನ್ನು ಚೀಲದಿಂದ ತೆಗೆದು, ಅವಳ ಕೈಯಲ್ಲಿದ್ದದ್ದನ್ನು ಅದರ ಪಕ್ಕದಲ್ಲಿಟ್ಟೆ. ಎರಡು ಚಕ್ರಗಳೂ ಒಂದೇ ಗೀಟಿನ ಮೇಲೆ ನಿಂತಿದ್ದವು.

“ಚಕ್ರ ಎಲ್ಲಿದೆ ಅಂತ ನಾನು ನಿನಗೆ ಹೇಳಲೇ ಇಲ್ಲ,” ಎಂದೆ.

ಅವಳು ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಆಮೇಲೆ ಇಸ್ತ್ರಿ ಟೇಬಲ್ಲಿಗೆ ಒರಗಿ ನಿಂತಳು, ಕ್ಷಣ ಬಿಟ್ಟು ನೆಲಕ್ಕೇ ಕೂತಳು. ನಾನೂ ಪಕ್ಕದಲ್ಲಿ ಕೂತೆ.

“ಟೇಪಿನಲ್ಲಿ ಸೊನ್ನೆ ಸೊನ್ನೆ ಅಂತಿರೋಳು ನೀನು.”

“ಹೂಂ.”

“ಯಾಕೆ?”

“ನೀವು ನಮ್ಮಕ್ಕನ್ನ ಸತ್ತ ಮೇಲೆ ನೋಡಿದ್ದು ಮೇಡಂ. ಬದುಕಿದ್ದಾಗ ನೋಡ್ಬೇಕಿತ್ತು. ದಿನಾ ಕಕ್ಕೋಳು. ಕೆಲಸದಲ್ಲಿ ಕಕ್ಕಿ, ಬಸ್ಸಲ್ಲಿ ಕಕ್ಕಿ ಮನೆಗೆ ಬರೋಳು. ತಟ್ಟೆ ಮುಂದೆ ಕೂತ್ರೆ ಎರಡೇ ತುತ್ತು, ಆಮೇಲೆ ಇಪ್ಪತ್ತು ಅನ್ನೋಳು. ಸಾಕು ಅನ್ನೋಕೆ ಅದೇ ಮಾತು ಅವಳಿಗೆ. ಬಳೆ ಮೊಣಕೈವರೆಗೂ ಜಾರ್ತಿತ್ತು. ಬಿಟ್ಬಿಡು ಅಂದ್ರೆ, ಇಲ್ಲ ಪುಟ್ಟಿ, ನಾನು ನಿಜ ಹೇಳ್ದಿದ್ರೆ ಪಾಪ ಆ ರೋಗಿಗಳು ಬಿದ್ದು ಹಲ್ಲು ಮುರ್ಕೋತಾರೆ ಅನ್ನೋಳು.”

“ಅದಕ್ಕೆ?”

“ಒಂದೇ ಒಂದು ಸಲ ಪೂರ್ತಿ ಸೊನ್ನೆ ಬಂದ್ರೆ ಪರೀಕ್ಷೆ ಮುಗಿಯುತ್ತೆ ಅಂದ್ರು. ಅಕ್ಕ ಮನೇಲಿ ಕೂತು ಸುಧಾರಿಸ್ಕೋತಾಳೆ ಅಂದ್ರು. ನನಗೇನೂ ಆಗಲ್ಲ ಮೇಡಂ, ಬಸ್ ಹತ್ತಿದ್ರೆ ನಿದ್ದೆ ಬರುತ್ತೆ ನನಗೆ. ದನಿ ಒಂದೇ ಥರ ಅಲ್ವಾ. ಅಕ್ಕ ಬರೋ ಮೊದ್ಲೇ ಹೋಗಿ ಹೇಳಿ, ಹಿಂದಿನ ಮೆಟ್ಟಿಲಿಂದ ಇಳಿದು ಬಂದೆ. ಅಷ್ಟೇ ನಾನು ಮಾಡಿದ್ದು.”

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅಕ್ಕನ ಬಾಯಿಗೆ ನಾಲ್ಕು ತುತ್ತು ಹೋಗಲಿ ಎಂದು ಹೇಳಿದ ಸೊನ್ನೆಗಳವು. ಸುಳ್ಳೆಂದು ಬೈಯಲು ನನಗೆ ಬಾಯಿ ಬರಲಿಲ್ಲ.

“ನೀನು ಹೊರಟಾಗ ಆ ಕಬ್ಬಿಣದ ಬಾಗಿಲು?”

“ಚಿಲಕ ಹಾಕಿತ್ತು. ಆ ಬಾಗಿಲಿಗೇ ಒರಗಿ ನಿಂತು ಚಪ್ಪಲಿ ಹಾಕ್ಕೊಂಡೆ.”

“ಕೊನೇಲಿ ಇಪ್ಪತ್ತು ಅಂತ ಕೂಗಿದ್ದು?”

ಅವಳು ಕೈ ತೆಗೆದು ನನ್ನನ್ನು ನೋಡಿದಳು. “ನಾನು ಇಪ್ಪತ್ತು ಅನ್ನಲೇ ಇಲ್ಲ.”

ಯಂತ್ರವೊಂದು ಸುತ್ತು ಮುಗಿಸಿ ನಿಂತಿತು, ಮತ್ತೊಂದು ಶುರುವಾಯಿತು. ಟೇಪಿನ ಆ ಖಾಲಿ ಗಂಟೆಗಳ ಅರ್ಥ ಆಗ ನನಗಾಯಿತು. ತಂಗಿ ಹೊರಟುಹೋಗಿದ್ದಾಳೆ. ಯಂತ್ರ ಯಾರೂ ನಿಲ್ಲಿಸದೆ ಗಂಟೆ ಹೊಡೆಯುತ್ತಲೇ ಇದೆ. ತಕ್ಕಡಿ ಬಸ್ಸಿಳಿದು ಬಂದು ಹೆಡ್‌ಸೆಟ್ ಎತ್ತಿಕೊಳ್ಳುತ್ತಾಳೆ, ಚಕ್ರ ಬೇರೆಯವರ ಅಳತೆಗೆ ನಿಂತಿದೆಯೆಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆಮೇಲೆ ಅವಳ ಬಾಯಿ ಮುಚ್ಚಿಸಲು ಯಾರೋ ಅವಳನ್ನು ಬಾಗಿಲಿನತ್ತ ತಳ್ಳುತ್ತಾರೆ. ಗಂಟೆ ಹೊಡೆದಾಗ ಮೈಕು ತೆರೆಯುತ್ತದೆಂದು ಅವಳಿಗೆ ಗೊತ್ತು. ಬಾಯಿಗೆ ಬಂದದ್ದು ಆ ಹಾಲಿನಲ್ಲಿ ‘ನಿಲ್ಲಿಸು’ ಎನ್ನಲು ಇರುವ ಒಂದೇ ಮಾತು.

ಎದುರಿಗಿದ್ದವರು ನಿಲ್ಲಿಸಲಿಲ್ಲ.

“ಸೊನ್ನೆ ಬಂದ್ರೆ ಮುಗಿಯುತ್ತೆ ಅಂತ ನಿನಗೆ ಹೇಳಿದ್ದು ಯಾರು? ನೀನು ನಡೀವಾಗ ಟೇಬಲ್ ಹತ್ರ ಯಾರು ಕೂತಿದ್ರು? ಗಡ್ಡಾನಾ?”

“ಅಯ್ಯೋ, ಅವರಿಗೇನೂ ಗೊತ್ತಿಲ್ಲ. ಮಾಮ ಕೂತಿದ್ರು.”

“ಯಾವ ಮಾಮ?”

“ಗೇಟ್ ಮಾಮ. ಕಾವಲಿಗಿದ್ರಲ್ಲ, ನೀವೇ ಹಿಡ್ಕೊಂಡು ಹೋದ್ರಲ್ಲ, ಅವರೇ.” ಸೆರಗಿನಿಂದ ಮೂಗೊರೆಸಿಕೊಂಡಳು. “ತುಂಬ ಒಳ್ಳೇವ್ರು ಮೇಡಂ. ಹೆದರ್ಕೋಬೇಡ ಪುಟ್ಟಿ, ತಡೆಯೋಕಾಗ್ದಿದ್ರೆ ಇಪ್ಪತ್ತು ಅನ್ನು, ತಕ್ಷಣ ನಿಲ್ಲಿಸ್ತೀನಿ ಅಂದಿದ್ರು. ಅಕ್ಕ ಹೋದ್ಮೇಲೂ ಅವರೇ ಬಂದು, ನೀನು ಬಂದಿದ್ದು ಗೊತ್ತಾದ್ರೆ ಕೊಲೆ ನಿನ್ನ ತಲೆಗೇ ಬರುತ್ತೆ, ನಾನು ಚಿಲಕ ಮರೆತೆ ಅಂತ ಒಪ್ಕೋತೀನಿ, ನೀನು ಬಾಯಿ ಬಿಡ್ಬೇಡ ಅಂದ್ರು. ಅಕ್ಕಂಗೆ ತಲೆ ಸುತ್ತಿ ಬಿದ್ದಿರ್ಬೇಕು ಅಂತ ನಾನು... ಪಾಪ, ನನಗೋಸ್ಕರ ಜೈಲಿಗೆ ಹೋಗ್ತಿದಾರೆ.”

ನಾನು ಎದ್ದು ನಿಂತೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು. ಇಬ್ಬರ ದನಿ ಒಂದೇ ಇರಬಹುದು, ಮುಖ ಬೇರೆ. ಗೇಟಿನಲ್ಲಿ ಕೂತವನು ಮುಖ ನೋಡದೆ ಒಳಗೆ ಬಿಟ್ಟಾನೆಯೇ? ಅಂಗಳಕ್ಕೆ ಮೊದಲು ಇಳಿದವನು ಅವನು. ಹೆಡ್‌ಸೆಟ್ ಗೊತ್ತು, ಯಾವ ಗುಂಡಿ ಒತ್ತಿದರೆ ಶುರುವಾಗುತ್ತದೆಂದು ಗೊತ್ತು, ಆ ಚಕ್ರ ಮಾತ್ರ ಗೊತ್ತಿಲ್ಲ. ಬೆಟ್ಟದಂಥ ತಪ್ಪನ್ನು ಸಾಸಿವೆಯಷ್ಟು ತಪ್ಪಿನ ಹಿಂದೆ ಬಚ್ಚಿಟ್ಟು, ನಡುಗುವ ಕೈಯಿಂದ ಅದನ್ನೇ ನನಗೆ ಕೊಟ್ಟ. ನಾನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ನೇರ ನಡೆಯುತ್ತಿದ್ದೇನೆ ಎಂದುಕೊಂಡಿದ್ದೆ. ಸ್ಟೀರಿಂಗ್ ಅವನ ಕೈಯಲ್ಲಿತ್ತು.

ಆ ಸೊನ್ನೆಯಿಂದ ಗೇಟು ಕಾಯುವವನಿಗೆ ಏನು ಲಾಭ? ಅವನ ಹಿಂದೆ ಯಾರಿದ್ದಾರೆ? ಕೇಳಲು ಹೊತ್ತಿರಲಿಲ್ಲ. ಜೇಬಿನಿಂದ ಫೋನ್ ತೆಗೆದೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ.

“ಇಲ್ಲೇ ಇರು. ಯಾರು ಕರೆದ್ರೂ ಏಳ್ಬೇಡ,” ಎಂದು ಹೇಳಿ ಮೆಟ್ಟಿಲು ಹತ್ತಿದೆ. ಬಾಗಿಲ ಬಳಿ ಫೋನಿಗೆ ಜೀವ ಬಂತು.

“ಕಾವಲಿನೋನ್ನ ಬಿಡ್ಬೇಡ!”

“ನೀವು ಹೇಳಿದ ತಕ್ಷಣ ಬಿಟ್ಟೆನಲ್ಲ ಮೇಡಂ. ಬೈದ್ರಲ್ಲ ನೀವು.”

“ಮನೆಗೆ ಹೋದ್ನಾ? ಹೆಂಡತಿ ಜೊತೆ?”

“ಅದೇ ವಿಚಿತ್ರ ಮೇಡಂ. ಆಯಮ್ಮಂಗೆ ನಾನೇ ಹೇಳ್ತೀನಿ ಅಂದ, ಸರಿ ಅಂದೆ. ಹೆಂಡತಿ ಇನ್ನೂ ಬೆಂಚ್ ಮೇಲೇ ಕೂತಿದಾಳೆ. ಅವನು ಹಿಂದಿನ ಬಾಗಿಲಿಂದ ಹೋದ್ನಂತೆ. ಹೋಗೋಕೆ ಮುಂಚೆ ಒಂದು ಮಾತು ಕೇಳಿದ.”

“ಏನು?”

“ಮೇಡಂ ಈಗ ಎಲ್ಲಿಗೆ ಹೋಗ್ತಿದಾರೆ ಅಂತ. ಸಾರಥಿ ವೈರ್‌ಲೆಸ್‌ನಲ್ಲಿ ಹೇಳಿದ್ನಲ್ಲ, ಹೋಟೆಲ್ ಕಡೆ ಅಂತ... ಅದನ್ನೇ ಹೇಳಿದೆ.”

ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಒದ್ದೆ ದುಪ್ಪಟಿಗಳು ಮುಖಕ್ಕೆ ಬಡಿದವು. ಇಸ್ತ್ರಿ ಟೇಬಲ್ಲಿನ ಬಳಿ ಯಾರೂ ಇರಲಿಲ್ಲ. ಎರಡು ಹೆಡ್‌ಸೆಟ್ಟುಗಳೂ ಅಲ್ಲೇ ಇದ್ದವು. ಬಿಸಿ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಮಗುಚಿ ಬಿದ್ದು ಕಂದು ಕಲೆ ಹರಡುತ್ತಿತ್ತು.

“ಅವಳೆಲ್ಲಿ?” ಎಂದು ಬಟ್ಟೆ ಮಡಿಸುತ್ತಿದ್ದ ಹೆಂಗಸಿನ ಕಿವಿಯಲ್ಲಿ ಕಿರುಚಿದೆ.

“ಯಾರೋ ಅವಳ ಮಾಮ ಹಿಂದಿನ ಬಾಗಿಲಿಂದ ಬಂದಿದ್ರು. ಬಿಡುಗಡೆ ಆಯ್ತು ಪುಟ್ಟಿ ಅಂದ್ರು. ಅವಳೇ ಎದ್ದು ಖುಷಿಯಿಂದ ಹೋದ್ಲು, ಆ ಕಡೆ, ಸಾಮಾನಿನ ಲಿಫ್ಟ್ ಹತ್ರ.” ಹೆಂಗಸು ಕೈ ತೋರಿಸಿದಳು. “ಲಿಫ್ಟ್ ಕೆಟ್ಟಿದೆ, ಬರೀ ಎರಡಾಳು ಆಳದ ಹಳ್ಳ ಅಲ್ಲಿ, ಹುಷಾರು ಅಂತ ನಾನು ಕೂಗ್ದೆ. ಕೇಳಿಸ್ತೋ ಇಲ್ವೋ.”

ನಾನು ಓಡಿದೆ. ದುಪ್ಪಟಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಯಂತ್ರಗಳ ಗುಡುಗನ್ನೂ ಸೀಳಿಕೊಂಡು ಕತ್ತಲೆಯ ಆ ಮೂಲೆಯಿಂದ ಒಂದು ಕೂಗು ಬಂತು. ಆ ದನಿಯನ್ನು ನಾನು ಟೇಪಿನಲ್ಲಿ ನಾಲ್ಕು ಸಲ ಕೇಳಿದ್ದೆ.

“ಇಪ್ಪತ್ತು ಮಾಮ! ಇಪ್ಪತ್ತು!”